ತೊಟ್ಟಿಲ ಶಾಸ್ತ್ರದ ದಿನ ಕೇಳಿಸಿದ ದನಿ

ಸತ್ತವರ ದನಿ ಕೇಳಿಸಿತು ಎಂದು ಯಾರಾದರೂ ಹೇಳಲು ಶುರು ಮಾಡಿದರೆ ಎದ್ದು ಹೋಗಿಬಿಡುವವರ ಪೈಕಿ ನಾನು. ಇವತ್ತಿಗೂ ಅಂಥ ಕಥೆಗಳೆಂದರೆ ನನಗಾಗದು. ಇಪ್ಪತ್ತು ವರ್ಷದಿಂದ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ದೆವ್ವ ಕಂಡೆ ಎಂದು ಅಳುತ್ತಾ ಬಂದ ಎಷ್ಟೋ ಮಕ್ಕಳನ್ನು ಕೈಹಿಡಿದು ಕರೆದುಕೊಂಡು ಹೋಗಿ, ಅದು ಒಣಹಾಕಿದ್ದ ಬಟ್ಟೆ ಎಂದು ತೋರಿಸಿ ಬಂದವಳು. ಹಾಗಿದ್ದೂ ಇದನ್ನು ಬರೆಯುತ್ತಿದ್ದೇನೆ. ನೀವು ನಂಬಬೇಕೆಂಬ ಆಸೆಯಿಂದಲ್ಲ. ನಮ್ಮ ಕಡೆಯ ಜನ ಈ ಸಂಗತಿಗೆ ಇಲ್ಲದ್ದನ್ನೆಲ್ಲ ಸೇರಿಸಿ ದೇವರ ಲೀಲೆ ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ನಡೆದದ್ದು ನನಗೆ. ನಡೆದಷ್ಟನ್ನು ನಾನೇ ಹೇಳಿಬಿಡುವುದು ವಾಸಿ.

ನಮ್ಮ ಹಟ್ಟಿ ಇರುವುದು ನೀಲಗಿರಿಯ ಅರವಂಕಾಡಿನ ಮೇಲಿನ ಗುಡ್ಡದಲ್ಲಿ. ಒಂದಕ್ಕೊಂದು ಗೋಡೆ ಹಂಚಿಕೊಂಡ ಹಳೆಯ ಸಾಲುಮನೆಗಳು, ಸುತ್ತ ಟೀ ಗಿಡ. ಹಿಂದೆ ಮಣ್ಣು ಕುಸಿಯದಂತೆ ಕಟ್ಟಿದ ಕಲ್ಲಿನ ಗೋಡೆ. ಅದಕ್ಕೂ ಮನೆಗಳ ಹಿಂಬಾಗಿಲಿಗೂ ನಡುವೆ ಒಬ್ಬರು ನಡೆಯುವಷ್ಟು ಓಣಿ. ನಮ್ಮ ಪಕ್ಕದ ಮನೆ ನನ್ನ ಗಂಡನ ತಮ್ಮನದು. ಅವನ ಹೆಂಡತಿ ರಾಜಮ್ಮ. ಅವರ ಮಗಳು ನಂದಿನಿ, ನನ್ನ ಮಗಳು ಮಾದೇವಿ, ಇಬ್ಬರೂ ಒಂದೇ ವರ್ಷ ಹುಟ್ಟಿದವರು.

ಮಾದೇವಿ ನನ್ನ ಅತ್ತೆಯ ಹೆಸರು. ಈ ಕಾಲದ ಹುಡುಗಿಗೆ ಅದೇನು ಹೆಸರು ಎಂದು ಎಲ್ಲರೂ ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಅಜ್ಜಿಯ ಮಡಿಲಲ್ಲೇ ಬೆಳೆದದ್ದರಿಂದ ಅಜ್ಜಿಯ ಮಾತೇ ಅವಳ ಬಾಯಲ್ಲಿ ನಿಂತಿತ್ತು. ಸಾಲಿನ ಮಕ್ಕಳೆಲ್ಲ ಅಮ್ಮ, ಮಮ್ಮಿ ಎನ್ನುವಾಗ ಇವಳೊಬ್ಬಳು ನನ್ನನ್ನು ಹಳೆಯವರ ಹಾಗೆ ‘ಅವ್ವೆ’ ಎನ್ನುತ್ತಿದ್ದಳು. ಹಬ್ಬ ಮಾಡಲು ಅವಳಿಗೆ ಪಂಚಾಂಗ ಬೇಕಿರಲಿಲ್ಲ. ಹೊಸ ಚಿಗುರು ಕೊಯ್ದ ದಿನ, ಅಪ್ಪನ ಜ್ವರ ಬಿಟ್ಟ ದಿನ, ಮೂರು ದಿನದ ಮೇಲೆ ಕರೆಂಟು ಬಂದ ದಿನ, ಎಲ್ಲಕ್ಕೂ ದೇವರ ಮುಂದೆ ದೀಪ ಹಚ್ಚಿ ಹಾಲುಪಾಯಸ ಮಾಡಿಸುವಳು. ಒಲೆಯ ಮೇಲೆ ಹಾಲಿಟ್ಟು ನಾನು ಬೇರೆ ಕೆಲಸಕ್ಕೆ ಹೋದರೆ, ಅಡುಗೆಮನೆಯ ಹೊಸ್ತಿಲ ಮೇಲೆ ಪುಸ್ತಕ ಹಿಡಿದು ಕೂತವಳು ತಲೆ ಎತ್ತದೆಯೇ ಕೂಗುವಳು. ಎದ್ದು ಒಲೆ ಆರಿಸಬೇಕೆಂದು ಅವಳಿಗೆ ಒಮ್ಮೆಯೂ ಅನ್ನಿಸಿದ್ದಿಲ್ಲ.

ಹತ್ತೊಂಬತ್ತು ವರ್ಷಕ್ಕೆ ಹೋದಳು. ಕಾಲೇಜಿಗೆಂದು ಕೆಳಗಿನ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಮುಂಗಾರಿನ ಗಾಳಿಗೆ ಕರ್ಪೂರದ ಮರ, ಅಂದರೆ ನೀಲಗಿರಿ ಮರ, ಬುಡಸಮೇತ ಅವಳ ಮೇಲೆ ಬಿತ್ತು. ಆ ಮರ ವರ್ಷಗಳಿಂದ ವಾಲಿಕೊಂಡಿತ್ತು. ನಾನು ದಿನಾ ಅದರ ಕೆಳಗೆ ನಿಂತಿದ್ದೇನೆ. ಇದು ಬಿದ್ದರೆ ಏನು ಗತಿ ಎಂದು ಎಲ್ಲರೂ ಹೇಳಿದ್ದೇವೆ, ಬಸ್ಸು ಬಂದೊಡನೆ ಹತ್ತಿ ಹೋಗಿದ್ದೇವೆ. ಕಡಿಸಿ ಎಂದು ಒಂದು ಅರ್ಜಿ ಬರೆಯಲು ಇಡೀ ಹಟ್ಟಿಯಲ್ಲಿ ಒಂದು ಕೈ ಏಳಲಿಲ್ಲ. ನನ್ನ ಕೈಯೂ ಏಳಲಿಲ್ಲ.

ಆಮೇಲೆ ಸಮಾಧಾನ ಹೇಳುವವರು ಬಂದರು. ಅವರನ್ನು ನಾನು ಇನ್ನೂ ಕ್ಷಮಿಸಿಲ್ಲ. ಒಳ್ಳೆಯವರನ್ನು ಶಿವ ಬೇಗ ಕರೆದುಕೊಳ್ಳುತ್ತಾನೆ ಎಂದರು. ಹಾಗಾದರೆ ಅರವತ್ತು ದಾಟಿ ನನ್ನ ಮುಂದೆ ಕಾಫಿ ಕುಡಿಯುತ್ತಿದ್ದ ಇವರೆಲ್ಲ ಯಾರು? ಅವಳ ಋಣ ಅಷ್ಟೇ ಇತ್ತು ಎಂದರು. ದೇವರು ನಿನ್ನನ್ನು ಪರೀಕ್ಷೆ ಮಾಡುತ್ತಿದ್ದಾನೆ ಎಂದಳು ಒಬ್ಬಳು. ಪರೀಕ್ಷೆ ಮಾಡುವುದು ನನ್ನ ಕಸುಬು. ಉತ್ತರ ಬರೆಯಲಿ ಎಂದು ಯಾವ ಮೇಷ್ಟರೂ ಮಗುವನ್ನು ಕೊಲ್ಲುವುದಿಲ್ಲ. ಹುಟ್ಟಿದಾಗ ಕಟ್ಟಿದ ಇಷ್ಟಲಿಂಗವನ್ನು ಆ ವಾರವೇ ಕೊರಳಿಂದ ತೆಗೆದು ಪೆಟ್ಟಿಗೆಯಲ್ಲಿಟ್ಟೆ. ನಮ್ಮವರಲ್ಲಿ ಅದು ಸಣ್ಣ ಮಾತಲ್ಲ. ನನ್ನ ಗಂಡ ಶಿವಣ್ಣ ನೋಡಿದರಷ್ಟೇ. ಅವರದು ಮೊದಲಿನಿಂದಲೂ ಮಾತು ಕಡಿಮೆ. ಅವಳು ಹೋದ ಮೇಲೆ ಪೂರ್ತಿ ನಿಂತೇಹೋಗಿತ್ತು.

ಮರುವರ್ಷ, ಮದುವೆಯಾಗಿ ಹೋಗಿದ್ದ ನಂದಿನಿಗೆ ಹೆಣ್ಣು ಮಗುವಾಯಿತು. ಬಾಣಂತನಕ್ಕೆ ತವರಿಗೆ ಬಂದಳು. ನಾನು ಹೋಗಿ ಮಗುವನ್ನು ನೋಡಿ ಬಂದೆ, ಎತ್ತಿಕೊಳ್ಳಲಿಲ್ಲ. ತೊಟ್ಟಿಲ ಶಾಸ್ತ್ರಕ್ಕೆ ನಾಲ್ಕು ದಿನ ಇರುವಾಗ ರಾಜಮ್ಮ ಬಂದು ನನ್ನ ಪಕ್ಕ ಕೂತಳು. ಮುಖ ಅರಳಿತ್ತು.

“ಅಕ್ಕ, ನಮ್ಮ ಮಾದೀನೇ ತಿರುಗಿ ಬಂದವಳೆ. ಅವಳ ಹೆಸರೇ ಇಡಾದು ಅಂತ ಎಲ್ಲಾ ಮಾತಾಡಿ ಆಯ್ತು. ಇನ್ನು ನೀ ಅಳಬಾರ್ದು.”

ಎಲ್ಲರೂ ಮಾತಾಡಿ ಆಗಿತ್ತಂತೆ. ನನ್ನನ್ನು ಬಿಟ್ಟು ಎಲ್ಲರೂ. ನನಗೆ ಮೈಯೆಲ್ಲ ಉರಿದುಹೋಯಿತು. ತಪ್ಪಲೆ ಕಳೆದುಕೊಂಡವಳಿಗೆ ಇನ್ನೊಂದು ತಪ್ಪಲೆ ತಂದುಕೊಟ್ಟು ಇನ್ನು ಸುಮ್ಮನಿರು ಎನ್ನುವ ಹಾಗಿತ್ತು ಅವಳ ಮಾತು. ನನ್ನ ಮಗಳು ಎಲ್ಲಿಗೂ ತಿರುಗಿ ಬಂದಿಲ್ಲ, ಅವಳು ಬರಬೇಕಿದ್ದರೆ ಪಕ್ಕದ ಮನೆಗೆ ಬರುತ್ತಿರಲಿಲ್ಲ, ಆ ಹೆಸರು ನನ್ನದು, ಯಾರಿಗೂ ಕೊಡುವುದಿಲ್ಲ ಎಂದೆ. ಇನ್ನೂ ಕೆಟ್ಟ ಮಾತುಗಳನ್ನೂ ಆಡಿದೆ. ರಾಜಮ್ಮ ಅಳುತ್ತಾ ಎದ್ದು ಹೋದಳು. ಸಂಜೆಯ ಹೊತ್ತಿಗೆ ಸಾಲಿನಲ್ಲೆಲ್ಲ ನಾನು ಹಸುಗೂಸಿನ ಮೇಲೆ ಹೊಟ್ಟೆಕಿಚ್ಚು ಪಡುವವಳಾಗಿದ್ದೆ.

ಶಾಸ್ತ್ರದ ದಿನ ಬೆಳಗಿನಿಂದ ಮಳೆ. ತಮಿಳರು ಐಪ್ಪಸಿ ಮಳೆ ಎನ್ನುತ್ತಾರಲ್ಲ, ದೀಪಾವಳಿಯ ಹೊತ್ತಿನದು, ಗುಡ್ಡವನ್ನೇ ಕರಗಿಸುವಂಥದ್ದು, ಅದು. ಪಕ್ಕದ ಮನೆಯ ಅಂಗಳದಲ್ಲಿ ಟಾರ್ಪಾಲಿನ ಚಪ್ಪರ ಹಾಕಿದ್ದರು. ಮಗುವಿಗೆ ಲಿಂಗ ಕಟ್ಟಲು ಗುಂಡ್ಲುಪೇಟೆ ಕಡೆಯಿಂದ ವಯಸ್ಸಾದ ಜಂಗಮರೊಬ್ಬರು ಬರುವವರಿದ್ದರು. ಶಿವಣ್ಣ, ತಮ್ಮನ ಮನೆ, ಹೋಗದಿದ್ದರೆ ಆಗದು ಎಂದು ಹೋದರು. ನಾನು ಹೋಗಲಿಲ್ಲ. ಕಿಟಕಿ ಬಾಗಿಲು ಎಲ್ಲ ಮುಚ್ಚಿಕೊಂಡು ನಡುಮನೆಯಲ್ಲಿ ಶಾಲೆಯ ಉತ್ತರಪತ್ರಿಕೆ ತಿದ್ದುತ್ತ ಕೂತೆ. ಹನ್ನೊಂದು ಗಂಟೆಯ ಸುಮಾರಿಗೆ ಮುಂದಿನ ಅಂಗಳದಲ್ಲಿ ಗದ್ದಲವಾಯಿತು. ಅಯ್ಯನವರು ಬಂದರು, ಪಾದಪೂಜೆಗೆ ಎಲ್ಲರೂ ಹೊರಗೆ ಹೋದರು ಎಂದುಕೊಂಡೆ.

ಆಗ ಕೇಳಿಸಿತು.

“ಅವ್ವೆ, ಹಾಲು ಉಕ್ಕುತ್ತೆ.”

ನನ್ನ ಹಿಂದಿನಿಂದ, ಅಡುಗೆಮನೆಯ ಕಡೆಯಿಂದ. ಗಾಳಿಯಲ್ಲಿ ತೇಲಿ ಬಂದ ಹಾಗಲ್ಲ, ದೂರದಿಂದಲ್ಲ. ಪಕ್ಕದ ಕೋಣೆಯಲ್ಲಿರುವ ಮನುಷ್ಯರು ಕೂಗಿದರೆ ಹೇಗೆ ಕೇಳಿಸುತ್ತದೋ ಹಾಗೆ. ನಾನು ಬೆಚ್ಚಿಬೀಳಲೂ ಇಲ್ಲ. ಅದನ್ನೇ ನೀವು ಗಮನಿಸಬೇಕು. ‘ಬಂದೆ’ ಎಂದು ಬಾಯಲ್ಲಿ ಹೇಳಿ, ಕೆಂಪು ಪೆನ್ನಿನ ಮುಚ್ಚಳ ಹಾಕಿ, ಎದ್ದು ಅಡುಗೆಮನೆಗೆ ಹೋದೆ. ಒಲೆ ತಣ್ಣಗಿತ್ತು. ಮನೆಯಲ್ಲಿ ಹಾಲೇ ಇರಲಿಲ್ಲ. ಖಾಲಿ ಒಲೆಯ ಮುಂದೆ ನಿಂತ ಮೇಲೆ, ಯಾರ ಕೂಗಿಗೆ ಎದ್ದು ಬಂದೆ ಎಂಬುದು ನನಗೆ ಅರಿವಾದದ್ದು.

ಹೆದರಿಕೆಯಾಗಬೇಕಿತ್ತು. ನನಗೆ ಬಂದದ್ದು ಸಿಟ್ಟು. ಪಕ್ಕದ ಮನೆಗೆ ಬಂದ ನೆಂಟರಲ್ಲಿ ಯಾವಳೋ ಒಬ್ಬಳು ಹಿಂಬಾಗಿಲಲ್ಲಿ ನಿಂತು ಮಾದಿಯ ಹಾಗೆ ಕೂಗಿ ಆಡಿಕೊಳ್ಳುತ್ತಿದ್ದಾಳೆ, ಅವಳಿಗೆ ಇವತ್ತು ಬುದ್ಧಿ ಕಲಿಸುತ್ತೇನೆ ಎಂದು ನಮ್ಮ ಹಿಂಬಾಗಿಲು ತೆಗೆದು ಓಣಿಗೆ ಇಳಿದೆ. ಓಣಿಯಲ್ಲಿ ಯಾರೂ ಇರಲಿಲ್ಲ. ಮಳೆನೀರು ಕಣಕಾಲಿನವರೆಗೆ ಹರಿಯುತ್ತಿತ್ತು. ರಾಜಮ್ಮನ ಹಿಂಬಾಗಿಲು ಮುಚ್ಚಿತ್ತು, ಚಿಲಕ ಹಾಕಿರಲಿಲ್ಲ. ಜೋರಾಗಿ ತಳ್ಳಿದೆ.

ಗ್ಯಾಸಿನ ವಾಸನೆ ಮುಖಕ್ಕೆ ರಾಚಿತು. ದೊಡ್ಡ ಪಾತ್ರೆಯಲ್ಲಿ ಪಾಯಸಕ್ಕೆ ಇಟ್ಟಿದ್ದ ಹಾಲು ಉಕ್ಕಿ ಒಲೆಯ ಮೇಲೆ ಹರಿದು ನೆಲಕ್ಕೆ ಸುರಿದಿತ್ತು. ಉರಿ ಆರಿಹೋಗಿತ್ತು. ಬರ್ನರು ಸುಯ್ ಎನ್ನುತ್ತಿತ್ತು. ಅಡುಗೆಮನೆಯ ಪಕ್ಕದ್ದೇ ಬಾಣಂತಿ ಕೋಣೆ. ಅಲ್ಲಿ ತೊಟ್ಟಿಲಿನ ಹತ್ತಿರ, ಕೂಸಿಗೆ ಚಳಿಯಾಗದಿರಲೆಂದು ಇದ್ದಿಲಿನ ಅಗ್ಗಿಷ್ಟಿಕೆ ಇಡುತ್ತಾರೆಂದು ನನಗೆ ಗೊತ್ತಿತ್ತು. ಗ್ಯಾಸು ಗಾಳಿಗಿಂತ ಭಾರ, ನೆಲಕ್ಕಂಟಿ ಹರಿಯುತ್ತದೆ ಎಂದು ಮಕ್ಕಳಿಗೆ ಪಾಠ ಮಾಡಿದವಳು ನಾನು. ಒಲೆಯ ತಿರುಪು ಮುಚ್ಚಿ, ಸಿಲಿಂಡರಿನದೂ ಮುಚ್ಚಿ, ಕೋಣೆಯ ಬಾಗಿಲು ತೆಗೆದೆ. ಅಗ್ಗಿಷ್ಟಿಕೆಯಲ್ಲಿ ಕೆಂಡ ಕೆಂಪಗಿತ್ತು. ಮಗು ಮಲಗಿತ್ತು, ಒಂದೇ. ಎತ್ತಿಕೊಂಡು ಹಿಂಬಾಗಿಲಿನಿಂದಲೇ ಮಳೆಗೆ ಓಡಿದೆ. ನಂದಿನಿ ಹಿಂಬಾಗಿಲ ಪಕ್ಕದ ಬಚ್ಚಲಲ್ಲಿದ್ದಳು, ಬಾಗಿಲು ಬಡಿದು ಅವಳನ್ನೂ ಹೊರಗೆ ಎಳೆದೆ.

ಆಮೇಲಿನದು ನಿಮಗೆ ಊಹೆಯಾಗುತ್ತದೆ. ಜನ ಸೇರಿತು. ಗಂಡಸರು ಮೂಗು ಮುಚ್ಚಿಕೊಂಡು ಕಿಟಕಿಗಳನ್ನೆಲ್ಲ ತೆಗೆದರು, ಅಗ್ಗಿಷ್ಟಿಕೆಯನ್ನು ಹೊರಗೆ ಒಯ್ದು ಮಳೆಗೆ ಸುರಿದರು. ರಾಜಮ್ಮ ನನ್ನ ಕಾಲ ಮೇಲೆ ಬಿದ್ದಳು. ಹೇಗೆ ಗೊತ್ತಾಯಿತು ಎಂದು ಎಲ್ಲರೂ ಕೇಳಿದರು. ಆ ಗಾಬರಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಹೇಳಬಾರದಿತ್ತು. ಒಂದು ಗಳಿಗೆಯಲ್ಲಿ ಎಲ್ಲರೂ ಕೈ ಜೋಡಿಸಿದರು. ಶಿವನ ಕೃಪೆ ಎಂದರು. ಮಾದಿ ದೇವರ ಹತ್ತಿರ ಇದ್ದುಕೊಂಡು ನಮ್ಮನ್ನು ಕಾಯುತ್ತಿದ್ದಾಳೆ ಎಂದರು. ಹದಿನೈದು ತಿಂಗಳಿಂದ ನನ್ನ ಮುಖ ನೋಡಲು ಹಿಂಜರಿಯುತ್ತಿದ್ದ ಹೆಂಗಸರು ನನ್ನ ತೋಳು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಮಗು ಇನ್ನೂ ನನ್ನ ಹೆಗಲ ಮೇಲೆ ಇತ್ತು, ಬೆಚ್ಚಗೆ. ನಾನು ನೇರವಾಗಿ ಅಯ್ಯನವರ ಮುಂದೆ ಹೋಗಿ ನಿಂತೆ. ಅವರ ಪಾದ ಅರ್ಧ ತೊಳೆದು ಬಿಟ್ಟದ್ದು, ಇನ್ನೂ ತಟ್ಟೆಯಲ್ಲೇ ಇತ್ತು.

“ಇವತ್ತು ಕೂಗೋಕೆ ಗೊತ್ತಿದ್ದ ಶಿವ ಅವತ್ತು ಯಾಕೆ ಕೂಗಲಿಲ್ಲ, ಅಯ್ಯ? ಮಾದಿ ಅಂತ ಒಂದು ಸಲ ಕೂಗಿದ್ರೆ ಎರಡು ಹೆಜ್ಜೆ ಈಚೆ ಬರ್ತಿದ್ಳು. ಎರಡೇ ಹೆಜ್ಜೆ.”

ಯಾರೋ ಸುಮ್ಮನಿರಮ್ಮ ಎಂದರು. ಅಯ್ಯನವರು ಅವರಿಗೆ ಕೈ ತೋರಿಸಿದರು. ಪಾದವನ್ನು ತಟ್ಟೆಯಿಂದ ಈಚೆ ತೆಗೆದು ನನ್ನ ಕಡೆ ತಿರುಗಿದರು. ವಚನ ಹೇಳುತ್ತಾರೆ, ಕರ್ಮ ಎನ್ನುತ್ತಾರೆ, ಆಗ ಇವರನ್ನೂ ಬಿಡುವುದಿಲ್ಲ ಎಂದು ಹಲ್ಲು ಕಚ್ಚಿ ಕಾಯುತ್ತಿದ್ದೆ.

“ನಂಗೊತ್ತಿಲ್ಲ, ತಾಯಿ,” ಎಂದರು. “ನಾನು ಉತ್ತರ ಹೇಳಿದ್ರೆ ಸುಳ್ಳಾಯ್ತದೆ. ನೀವು ಅವನನ್ನೇ ಕೇಳಿ. ಬಿಡಬೇಡಿ, ಕೇಳ್ತಾನೇ ಇರಿ.”

ಹದಿನೈದು ತಿಂಗಳಲ್ಲಿ ಗೊತ್ತಿಲ್ಲ ಎಂದು ನನಗೆ ಹೇಳಿದ ಮೊದಲ ಮನುಷ್ಯ ಅವರು. ಸಮಾಧಾನ ಹೇಳಲು ಬಂದ ಅಷ್ಟು ಜನರಲ್ಲಿ ಒಬ್ಬರಿಗಾದರೂ ಆ ಒಂದು ಮಾತು ತೋಚಿರಲಿಲ್ಲವಲ್ಲ ಎಂಬ ಸಿಟ್ಟು ಈಗಲೂ ಇದೆ. ಅಂದು ಮಾತ್ರ ನಾನು ಮಗುವನ್ನು ಎತ್ತಿಕೊಂಡೇ ಅಲ್ಲಿ ಕೂತು, ಮಗಳು ಹೋದಾಗ ಅಳದಿದ್ದಷ್ಟನ್ನೂ ಅತ್ತೆ.

ಶಾಸ್ತ್ರ ಮಧ್ಯಾಹ್ನದ ಮೇಲೆ ನಡೆಯಿತು. ಹೆಸರು ಕೂಗುವ ಹೊತ್ತಿಗೆ ನಂದಿನಿ ಬಂದು, ದೊಡ್ಡಮ್ಮ, ನೀವು ಬೇಡವೆಂದರೆ ಆ ಹೆಸರು ಇಡುವುದಿಲ್ಲ ಎಂದಳು. ಬೇಡ ಎಂದೆ. ಅಷ್ಟೆಲ್ಲ ಆದ ಮೇಲೂ ಬೇಡ ಎಂದದ್ದು ರಾಜಮ್ಮನಿಗೆ ಸರಿಬರಲಿಲ್ಲ. ಆದರೆ ನಂದಿನಿಗೆ ಅರ್ಥವಾಯಿತು. ಈ ಕೂಸು ಯಾರ ಬದಲಿಗೂ ಬಂದದ್ದಲ್ಲ, ಇದಕ್ಕೆ ಇದರದೇ ಹೆಸರಿರಲಿ ಎಂದೆ. ಭುವನ ಎಂದು ಇಟ್ಟರು. ಅದನ್ನು ಮಗುವಿನ ಕಿವಿಯಲ್ಲಿ ಮೂರು ಸಲ ಹೇಳಿದವಳು ನಾನೇ.

ಮುಂದಿನ ಸೋಮವಾರ ಇಷ್ಟಲಿಂಗವನ್ನು ಮತ್ತೆ ಕೈಗೆ ತೆಗೆದುಕೊಂಡೆ. ಭಕ್ತಿ ತಿರುಗಿ ಬಂತೆಂದು ಯಾರೂ ಸಂತೋಷಪಡಬೇಕಾಗಿಲ್ಲ. ಅಂಗೈಯಲ್ಲಿಟ್ಟುಕೊಂಡು ದಿನಾ ಆ ಒಂದೇ ಪ್ರಶ್ನೆ ಕೇಳುತ್ತೇನೆ. ಕೆಲವು ದಿನ ದನಿ ಎತ್ತಿಯೇ ಕೇಳುತ್ತೇನೆ. ಉತ್ತರ ಬಂದಿಲ್ಲ. ಆದರೆ ಎದುರಿಗೆ ಯಾರೂ ಇಲ್ಲ ಎಂದುಕೊಂಡು ಇಷ್ಟು ವರ್ಷ ಜಗಳವಾಡಲು ನನ್ನಿಂದ ಆಗುತ್ತಿರಲಿಲ್ಲ ಎಂಬುದೂ ನಿಜ. ಸಾಲಿನಲ್ಲಿ ಯಾರ ಮನೆಯಲ್ಲಿ ಏನು ಸಣ್ಣ ಸಂತೋಷವಾದರೂ ಈಗ ಹೋಗುತ್ತೇನೆ. ಹೋಗದೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರುವ ಹೆಂಗಸು ಮಾದಿಗೆ ಇಷ್ಟವಾಗುತ್ತಿರಲಿಲ್ಲ.

ದನಿಯ ವಿಷಯ ಮಾತ್ರ ಬಗೆಹರಿದಿಲ್ಲ. ಗೋಡೆಯಾಚೆಯ ಹಾಲಿನ ವಾಸನೆ ನಿನಗೆ ಗೊತ್ತಾಗದ ಹಾಗೆ ಬಂದಿರಬೇಕು, ಹಳೆಯ ಅಭ್ಯಾಸದಿಂದ ಮನಸ್ಸು ಕೂಗು ಕೇಳಿಸಿಕೊಂಡಿತು ಎಂದು ಶಿವಣ್ಣ ಹೇಳುತ್ತಾ ಬಂದಿದ್ದಾರೆ. ಬೇರೆ ಯಾರಿಗಾದರೂ ಹೀಗಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಕಿಟಕಿಗಳೆಲ್ಲ ಮುಚ್ಚಿದ್ದವು, ಗೋಡೆ ಒಂದೂವರೆ ಅಡಿ ದಪ್ಪದ್ದು, ಮಳೆ ಸುರಿಯುತ್ತಿತ್ತು. ಆಮೇಲೊಂದು ದಿನ ಅದೇ ಜಾಗದಲ್ಲಿ ಕೂತು, ರಾಜಮ್ಮನ ಕೈಲಿ ಹಾಲು ಉಕ್ಕಿಸಿ ನೋಡಿದ್ದೇನೆ. ನನಗೆ ಏನೂ ತಿಳಿಯಲಿಲ್ಲ.

ಹೋದ ತಿಂಗಳು ಶಿವಣ್ಣ, ನಾನು ಇಬ್ಬರೂ ಟೀ ಗಿಡ ಸವರುತ್ತಿದ್ದೆವು. ಮಂಜು ಇಳಿದು ಎರಡು ಸಾಲು ಆಚೆ ಇದ್ದ ಅವರು ಕಾಣುತ್ತಿರಲಿಲ್ಲ, ಕತ್ತಿಯ ಸದ್ದಷ್ಟೇ ಕೇಳುತ್ತಿತ್ತು. ಅದು ನಿಂತಿತು. ಅವರು ಮಂಜಿನೊಳಗಿಂದಲೇ ಕೇಳಿದರು.

“ಆ ದನಿ... ಹೆದರಿಕೊಂಡಿದ್ದ ಹಾಗಿತ್ತಾ?”

ಇಲ್ಲ, ಯಾವಾಗಲೂ ಇದ್ದ ಹಾಗೇ ಇತ್ತು, ನನ್ನನ್ನು ಸ್ವಲ್ಪ ಬೈಯುವ ಹಾಗೆ ಎಂದೆ. ಕತ್ತಿಯ ಸದ್ದು ಮತ್ತೆ ಶುರುವಾಗಲು ತುಂಬ ಹೊತ್ತು ಹಿಡಿಯಿತು.