ಆಚೆ ತುದಿಯವಳು

ಛತ್ರಿಯಮ್ಮ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಕಟ್ಟಡಗಳ ನೆತ್ತಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ, ಅದಕ್ಕೆ ಮಗುಚಿದ ಛತ್ರಿಯಂಥ ಡಿಶ್ ಬಿಗಿದು, ತಂತಿಯಿಲ್ಲದೆ ಇಂಟರ್ನೆಟ್ ದಾಟಿಸುವುದು ಅವಳ ಕಸುಬು. ಅವಳ ಕಸುಬು ಎಂದರೆ ಅರ್ಧ ಮಾತ್ರ ನಿಜ. ಪ್ರತಿ ಲಿಂಕಿಗೂ ಎರಡು ತುದಿ. ಒಂದರಲ್ಲಿ ಅವಳು ನಿಂತರೆ ಇನ್ನೊಂದರಲ್ಲಿ ಅವಳ ಗಂಡ.

ಈ ಗಂಡನ ವಿಚಾರ ಸ್ವಲ್ಪ ಹೇಳಲೇಬೇಕು. ಮನೆಯಲ್ಲಿ ಅವನ ಬಾಯಿಗೆ ಬೀಗ. ಊಟಕ್ಕೆ ಉಪ್ಪು ಕಮ್ಮಿಯಾದರೆ ತಟ್ಟೆಯನ್ನು ದುರುಗುಟ್ಟಿ ನೋಡುತ್ತಾನೆಯೇ ಹೊರತು ತುಟಿ ಬಿಚ್ಚುವುದಿಲ್ಲ. ಅದೇ ಮನುಷ್ಯ ಮಹಡಿ ಹತ್ತಿ, ಆಚೆ ತುದಿಯ ಸಿಗ್ನಲ್ ಕೇಳಲು ಫೋನು ಕಿವಿಗಿಟ್ಟರೆ ಬೇರೆಯೇ ಆಸಾಮಿ. "ಎಷ್ಟು ಬರ್ತಿದೆ? ಇನ್ನೊಂಚೂರು ಎಡಕ್ಕೆ. ಹಾಂ, ಹಾಗೇ, ಅಲ್ಲೇ ಇರು. ಬಿಸಿಲು ಜಾಸ್ತಿ, ತಲೆಗೆ ಏನಾದ್ರೂ ಹಾಕ್ಕೊಂಡ್ಯಾ?" ಮದುವೆಯಾದಾಗಿನಿಂದ ಛತ್ರಿಯಮ್ಮ ಕೇಳಿದ ಒಳ್ಳೆಯ ಮಾತೆಲ್ಲ ಹೀಗೆ ದೂರದ ಮಹಡಿಯಿಂದಲೇ ಬಂದದ್ದು. ಅವಳಿಗೆ ಅದೇ ಸಾಕಾಗಿತ್ತು.

ಹಾಗಿರುವಾಗ ಏಣಿಯಿಂದ ಜಾರಿ ಪಾದ ಮುರಿದುಕೊಂಡಳು. ಕಾಲಿಗೆ ಪ್ಲಾಸ್ಟರ್ ಬಿತ್ತು, ಆಚೆ ತುದಿಗೆ ಬೇರೆಯವಳು ಬಂದಳು. ಕೆಲಸ ಮಾಡುವಾಗ ಸಿಳ್ಳೆ ಹಾಕುತ್ತಿದ್ದ ಅವಳನ್ನು ಎಲ್ಲರೂ ಸೀಟಿ ಎನ್ನುತ್ತಿದ್ದರು. ಚುರುಕಿನವಳು, ಕೈಯಲ್ಲಿ ಕೆಲಸವಿತ್ತು. ದಡ್ಡಿಯಾಗಿದ್ದರೆ ಛತ್ರಿಯಮ್ಮ ಅವಳನ್ನು ಮುದ್ದು ಮಾಡುತ್ತಿದ್ದಳೋ ಏನೋ.

ಮೊದಲ ದಿನವೇ ಗಂಡ ಜಗಲಿಯಲ್ಲಿ ನಿಂತು ಸೀಟಿಗೆ ಫೋನಿನಲ್ಲಿ ಹೇಳಿಕೊಡುತ್ತಿದ್ದ: "ಬೋಲ್ಟು ಹಿಡಿದು ಜಗ್ಗಬೇಡ. ಉಸಿರು ಬಿಟ್ಟ ಹಾಗೆ ತಿರುಗಿಸು." ಒಳಗೆ ಮಂಚದ ಮೇಲಿದ್ದ ಛತ್ರಿಯಮ್ಮನಿಗೆ ಮೈಯೆಲ್ಲ ಉರಿಯಿತು. ಉಸಿರಿನ ಮಾತು ಅವಳದು! ಅವನಿಗೆ ಕಲಿಸಿದವಳೇ ಅವಳು. ತನ್ನ ಸೀರೆ ಉಟ್ಟು ಇನ್ನೊಬ್ಬಳು ಬೀದಿಯಲ್ಲಿ ಹೋದ ಹಾಗಾಯಿತು.

ಆ ವಾರ ಬಟ್ಟೆ ಗಿರಣಿಯ ಆಫೀಸಿಗೂ ಅದರ ಗೋದಾಮಿಗೂ ಹೊಸ ಲಿಂಕು ಕೂರಿಸಿದರು. ಆಫೀಸಿನ ಮೇಲಿನ ಡಿಶ್ಶಿಗೆ ಅಂಟಿದ, ಸಿಗ್ನಲ್ ಕಳಿಸುವ ಪೆಟ್ಟಿಗೆಗೆ ರೇಡಿಯೋ ಎನ್ನುತ್ತಾರೆ; ಅದನ್ನು ಮನೆಯಲ್ಲಿ ಕೂತೇ ಲ್ಯಾಪ್‌ಟಾಪಿನಲ್ಲಿ ನೋಡಬಹುದಿತ್ತು. ಅದರಲ್ಲಿ ಸ್ಕ್ಯಾನ್ ಎಂಬ ಒಂದು ಗುಂಡಿ. ಒತ್ತಿದರೆ ಸುತ್ತಮುತ್ತ ಯಾರ ಯಾರ ವೈಫೈ ಇದೆಯೋ ಎಲ್ಲ ಹೆಸರೂ ಬರುತ್ತವೆ, ಮಹಡಿಯ ಮೇಲೆ ನಿಂತವರ ಫೋನಿನ ಹಾಟ್‌ಸ್ಪಾಟ್ ಕೂಡ. ಛತ್ರಿಯಮ್ಮ ಒತ್ತಿದಳು. ಗಂಡ ಗೋದಾಮಿನ ಮೇಲಿರಬೇಕಾದವನು. ಆದರೆ ಅವನ ಫೋನಿನ ಹೆಸರು ಆಫೀಸಿನ ಪಟ್ಟಿಯಲ್ಲೇ ಇತ್ತು. ಕೆಳಗೇ ಸೀಟಿಯದು.

ಒಂದೇ ಮಹಡಿ! ಇಬ್ಬರೂ!

ಅವತ್ತಿನಿಂದ ಮಧ್ಯಾಹ್ನವಾದರೆ ಅವಳ ಬೆರಳು ಸುಮ್ಮನಿರಲಿಲ್ಲ. ಅಲ್ಲಿದ್ದಾರೋ ಇಲ್ಲವೋ ಎಂದು ಒತ್ತುವುದು. ಕಾಣದಿದ್ದರೆ ಮತ್ತೆ ಒತ್ತುವುದು. ಅಷ್ಟರಲ್ಲಿ ಗಿರಣಿಯ ಮ್ಯಾನೇಜರಿನ ಫೋನು ಬರುತ್ತಿತ್ತು: "ಗೋದಾಮಿನ ಕಡೆ ಮತ್ತೆ ಸತ್ತಿದೆ ಕಣಮ್ಮ, ನಿಮ್ಮ ಲಿಂಕು!" ಅವರಿಬ್ಬರೂ ಆಫೀಸಿನ ಮಹಡಿಗೆ ಓಡುತ್ತಿದ್ದರು. ಇವಳು ಮತ್ತೆ ಗುಂಡಿ ಒತ್ತಿದರೆ ಎರಡು ಹೆಸರೂ ಒಟ್ಟಿಗೆ ಕಾಣುತ್ತಿದ್ದವು. 'ನೋಡು, ದಿನಾ ಹೋಗೋಕೆ ಒಂದು ನೆಪ ಬೇಕಲ್ಲ ಇವರಿಗೆ' ಎಂದು ಹಲ್ಲು ಕಡಿಯುತ್ತಿದ್ದಳು.

ಸ್ಕ್ಯಾನ್ ಮಾಡುವಾಗ ರೇಡಿಯೋ ತನ್ನ ಜೋಡಿಯೊಡನೆ ಮಾತು ನಿಲ್ಲಿಸಿ ಊರಿನ ಸದ್ದಿಗೆಲ್ಲ ಕಿವಿಗೊಡುತ್ತದೆ. ಅಷ್ಟು ಹೊತ್ತು ಲಿಂಕು ಸತ್ತಂತೆಯೇ. ಇದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ನಡೆಯುವ ಲಿಂಕಿನಲ್ಲಿ ಆ ಗುಂಡಿ ಮುಟ್ಟಿದವರಿಗೆ ಎಷ್ಟೋ ಸಲ ಮಂಗಳಾರತಿ ಎತ್ತಿದ್ದಳು. ಆದರೆ ಹೊಟ್ಟೆ ಉರಿಯುವಾಗ ಕಲಿತ ವಿದ್ಯೆ ಎಲ್ಲಿ ನೆನಪಾಗಬೇಕು?

ನೆನಪು ಮಾಡಿಕೊಟ್ಟವಳು ಸೀಟಿಯೇ. ಒಂದು ಸಂಜೆ ಫೋನು ಮಾಡಿದಳು.

"ಅಕ್ಕಾ, ಸ್ಕ್ಯಾನ್ ಮಾಡ್ತಿರೋದು ನೀವೇ ಅಲ್ವಾ?"

ಛತ್ರಿಯಮ್ಮ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದಳು.

"ಇವತ್ತು ಆ ರೇಡಿಯೋದ ಪೇಜು ತೆಗೆದು ಕೂತಿದ್ದೆ. ನನ್ನ ಕಣ್ಣೆದುರೇ ಸ್ಕ್ಯಾನ್ ಶುರುವಾಯ್ತು. ಪಾಸ್‌ವರ್ಡ್ ಗೊತ್ತಿರೋದು ನಮ್ಮ ಮೂರು ಜನಕ್ಕೆ. ಸರ್ ನನ್ನ ಪಕ್ಕದಲ್ಲೇ ಕಂಬ ಹಿಡ್ಕೊಂಡು ನಿಂತಿದ್ರು, ನಂಗೆ ಒಬ್ಬಳಿಗೇ ಅಲ್ಲಾಡೋ ಕಂಬ ಹತ್ತೋಕೆ ಭಯ. ಸರ್‌ಗೆ ಏನೂ ಹೇಳಿಲ್ಲಕ್ಕಾ. ಕೇಬಲ್ ತುದಿ ಸಡಿಲ ಆಗಿತ್ತು, ಬದಲಾಯಿಸಿದೆ ಅಂದುಬಿಟ್ಟೆ. ಇನ್ನು ಒತ್ತಬೇಡಿ, ಆಯ್ತಾ?"

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹಾಳಾದವಳು ಒಳ್ಳೆಯವಳೂ ಆಗಿದ್ದಳು. ಛತ್ರಿಯಮ್ಮನಿಗೆ ಈಗ ಅದರ ಮೇಲೂ ಹೊಟ್ಟೆಕಿಚ್ಚು.

ಗಂಡ ಬಂದ. ಅಪರೂಪಕ್ಕೆ ಬಾಯಿ ಬಿಟ್ಟ.

"ಎಂಥಾ ಕೈ ಅವಳದ್ದು! ನಂಗೇ ಸಿಗದಿದ್ದ ತೊಂದರೆ ಹಿಡಿದುಬಿಟ್ಟಳು. ಇನ್ಮೇಲೆ ಆಚೆ ತುದಿ ಅವಳಿಗೇ ಇರಲಿ ಅಂತಿದೀನಿ. ನೀನು ಕಾಲು ವಾಸಿಯಾದ್ಮೇಲೂ ಆರಾಮಾಗಿ ಮನೇಲಿರು, ಬರೋ ಫೋನು ನೋಡ್ಕೋ."

ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು, ಜಾಗ ಹೋಗುತ್ತಿತ್ತು. ಛತ್ರಿಯಮ್ಮ ಎದ್ದು ಕೂತಳು.

"ಕೇಬಲ್ ಸರಿಯಾಗೇ ಇತ್ತು ಕಣ್ರೀ. ಲಿಂಕು ಬೀಳಿಸಿದ್ದು ನಾನು. ದಿನಾ ಸ್ಕ್ಯಾನ್ ಮಾಡ್ತಿದ್ದೆ. ನೀವಿಬ್ಬರೂ ಒಟ್ಟಿಗೆ ಇದೀರಾ ಅಂತ ನೋಡೋಕೆ."

ಅವನು ಮಂಚದ ತುದಿಗೆ ಕೂತ. "ನನ್ನ ಮೇಲೆ ಅನುಮಾನವಾ?"

"ಅನುಮಾನ ಅಲ್ಲ. ಅವಳ ಹತ್ರ ಮಾತಾಡ್ತೀರಿ. ನನ್ನ ಹತ್ರ ಮಾತಾಡ್ತಿದ್ದದ್ದೂ ಅಲ್ಲಿಂದಲೇ. ಅದನ್ನೂ ಅವಳಿಗೆ ಕೊಟ್ಟುಬಿಟ್ಟರೆ ನನಗೇನು ಉಳೀತು?"

ಅವನ ಬಾಯಿಗೆ ಮತ್ತೆ ಬೀಗ ಬಿತ್ತು. ಎದ್ದು, ಚಪ್ಪಲಿ ಮೆಟ್ಟಿ, ಮೆಟ್ಟಿಲು ಹತ್ತಿ ಮಹಡಿಗೆ ಹೋದ. ಕೋಪ ಬಂದಿದೆ ಎಂದುಕೊಂಡು ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ದಿಂಬಿನ ಪಕ್ಕ ಫೋನು ಬಡಿದುಕೊಂಡಿತು.

"ಎಷ್ಟು ಬರ್ತಿದೆ?" ಅದೇ ದನಿ, ಮಹಡಿಯ ದನಿ.

"ಅವಳನ್ನೂ ಹೀಗೇ ಕೇಳ್ತೀರಲ್ಲ," ಎಂದಳು.

"ಕೇಳ್ತೀನಿ. ಅವಳು ನಂಬರ್ ಹೇಳಿ ಸುಮ್ಮನಾಗ್ತಾಳೆ. ನೀನು ಬೈಯದೆ ಒಂದು ನಂಬರೂ ಹೇಳಿದವಳಲ್ಲ. ನಂಗೆ ಬೈಸ್ಕೊಳ್ಳೋ ಅಭ್ಯಾಸ ತಪ್ಪಿಹೋಗಿದೆ. ಕಾಲು ಬೇಗ ವಾಸಿ ಮಾಡ್ಕೋ. ಹೇಳು, ಎಷ್ಟು ಬರ್ತಿದೆ?"

ಛತ್ರಿಯಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ದನಿ ಸ್ಪಷ್ಟವಾಗಿಯೇ ಬರುತ್ತಿತ್ತು.

"ಏನೂ ಸಾಲದು," ಎಂದಳು. "ಅಲ್ಲೇ ಇರಿ. ಮಾತಾಡ್ತಾ ಇರಿ."