ಗೋಡೆಯ ಮೇಲಿನ ಪಿಸ್ಟನ್‌ಗಳು

ಐಯೊವಾದ ಆ ಊರಲ್ಲಿ ಹಳೇ ಟರ್ಬೊ ಕಾರುಗಳನ್ನು ಮೆಕ್ಕೆಜೋಳದ ಎಥನಾಲ್‌ಗೆ ಪಳಗಿಸುವುದರಲ್ಲಿ ಆರ್ಲೋ ಹಾಗೆನ್‌ನನ್ನು ಮೀರಿಸುವವರಿರಲಿಲ್ಲ. ಕೈ ಚಿನ್ನ, ನಾಲಿಗೆ ಚೂರಿ. ಯಾರದಾದರೂ ಇಂಜಿನ್ ಸುಟ್ಟರೆ ಕರಗಿದ ಪಿಸ್ಟನ್ನನ್ನು ಕೇಳಿ ಪಡೆದು, ಅವರ ಹೆಸರು ಬರೆದು, ಗ್ಯಾರೇಜಿನ ಗೋಡೆಗೆ ನೇತುಹಾಕುತ್ತಿದ್ದ. ಊರವರು ಅದರ ಕೆಳಗೆ ನಿಂತು ಕಾಫಿ ಕುಡಿಯುತ್ತ ನಗುತ್ತಿದ್ದರು.

ಬ್ಯಾಂಕಿನಲ್ಲಿ ಕೆಲಸ ಮಾಡುವ ಅಳಿಯ ಕ್ಲಿಫರ್ಡ್ ಒಂದು ಶನಿವಾರ ತನ್ನ ಕಾರು ತಂದ. ಎಥನಾಲ್‌ಗೆಂದು ದೊಡ್ಡ ಇಂಧನ ಪಂಪು, ಹೊಸ ಇಂಜೆಕ್ಟರು, ಎಲ್ಲ ತಾನೇ ಕೂರಿಸಿದ್ದ.

"ಮಾವ, ರೇಸಿಗೆ ಮುಂಚೆ ಒಂದ್ಸಲ ನೋಡ್ಬಿಡಿ. ಆಮೇಲೆ ನಂಗೆ ಧೈರ್ಯ."

"ಪರವಾಗಿಲ್ವೇ ಅಳಿಯಂದ್ರೇ, ಕೊನೆಗೂ ಕೈಗೆ ಮಸಿ ಅಂಟಿಸ್ಕೊಂಡ್ರಿ," ಎಂದು ಆರ್ಲೋ ಟ್ಯಾಂಕಿನೊಳಗಿನ ಪಂಪನ್ನು ಮೇಲೆತ್ತಿದ. ಅದಕ್ಕೆ ಸಿಕ್ಕಿಸಿದ್ದ ಗೇಣುದ್ದದ ರಬ್ಬರ್ ಪೈಪು ಮಾತ್ರ ಪೆಟ್ರೋಲ್ ಕಾಲದ್ದು. ಎಥನಾಲ್‌ನಲ್ಲಿ ನೆನೆದು ಆಗಲೇ ಮೆತ್ತಗಾಗಿತ್ತು. ಟರ್ಬೊ ಜೋರು ಹಿಡಿದಾಗ ಅದು ಒಡೆಯುತ್ತದೆ, ಇಂಧನ ಸಾಲದೆ ಪಿಸ್ಟನ್ ಕರಗುತ್ತದೆ. ಎಥನಾಲ್ ತಡೆಯುವ ಪೈಪು ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು.

ಆರ್ಲೋ ಪಂಪನ್ನು ಹಾಗೇ ಇಳಿಸಿ ಮುಚ್ಚಳ ಬಿಗಿದ.

"ಚೆನ್ನಾಗಿ ಮಾಡಿದೀಯ ಕಣೋ. ಹೋಗು, ಪೂರ್ತಿ ತುಳಿದು ಓಡ್ಸು."

ಮಾವನ ಬಾಯಲ್ಲಿ ಮೊದಲ ಸಲ ಒಳ್ಳೆಯ ಮಾತು ಕೇಳಿ ಕ್ಲಿಫರ್ಡ್‌ನ ಕಣ್ಣು ತುಂಬಿತು. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಆರ್ಲೋ ಕೈಬೀಸಿದ. ಆಮೇಲೆ ಒಳಗೆ ಬಂದು, ಗೋಡೆಯಲ್ಲಿ ಎದ್ದುಕಾಣುವ ಜಾಗ ಹುಡುಕಿ, ಹೊಸ ಮೊಳೆಯೊಂದನ್ನು ಹೊಡೆದ.