ಲಾಟೀನಿನವರ ಉಳಿದ ಹಾಡುಗಳು

ಹುಲುಗಪ್ಪಣ್ಣ ಸ್ಟೀರಿಂಗ್ ಹಿಡಿದರೆ ಬಲಗೈಯ ಕಿರುಬೆರಳು ಮಾತ್ರ ಬಸ್ಸಿನ ಕೆಲಸಕ್ಕೆ ಸೇರುತ್ತಿರಲಿಲ್ಲ. ಅದು ಹಾಡಿನ ಪಾಲು. ಉಳಿದ ಒಂಬತ್ತು ಬೆರಳುಗಳು ನಮ್ಮನ್ನು ಸಂಡೂರಿನಿಂದ ದೋಣಿಮಲೈ ಗುಡ್ಡಕ್ಕೆ ಏರಿಸುತ್ತಿದ್ದರೆ ಅದೊಂದು ತನ್ನ ಪಾಡಿಗೆ ಕುಣಿಯುತ್ತಿತ್ತು. ಕಂಪ್ಲಿ ಕಡೆಯ ಮೆಟ್ರಿ ಊರಿನ ಮನುಷ್ಯ, ವಯಸ್ಸು ಐವತ್ತರ ಆಸುಪಾಸು, ದಪ್ಪ ಮೀಸೆ, ಹಣೆಯ ಮೇಲೆ ಢಾಳಾದ ವಿಭೂತಿ. ಹಾಡೋ, ಅಪ್ಪಟ ಇಂಗ್ಲಿಷಿನದು.

ಎಂಬತ್ತರ ದಶಕದ ಮಾತು. ನಾನು ಗಣಿ ಕಚೇರಿಗೆ ಹೊಸದಾಗಿ ಸೇರಿದ ಟೈಪಿಸ್ಟ್. ಮೊದಲ ದಿನ ಸ್ಟಾಫ್ ಬಸ್ಸು ಹತ್ತಿದಾಗ ಟೇಪಿನಲ್ಲಿ ನಾಲ್ವರು ಗಂಡಸರು ಗಿಟಾರಿನ ಜೊತೆ ಖುಷಿಯಿಂದ ಕೂಗಾಡುತ್ತಿದ್ದರು. ಒಂದಕ್ಷರ ತಿಳಿಯಲಿಲ್ಲ. ಆದರೆ ಮೂರನೇ ತಿರುವು ಬರುವಷ್ಟರಲ್ಲಿ ನನ್ನ ಕಾಲು ತಾಳ ಹಾಕುತ್ತಿತ್ತು. ನಾಚಿಕೆಯಾಗಿ ಸೀರೆಯ ನೆರಿಗೆಯೊಳಗೆ ಎಳೆದುಕೊಂಡೆ. ಪಕ್ಕದಲ್ಲಿ ಕೂತಿದ್ದ ಸ್ಟೋರ್ಸಿನ ಶಾರದಮ್ಮ, "ಕುಣಿಸ್ರಿ, ಕುಣಿಸ್ರಿ. ಎಲ್ಲಾರ್ದೂ ಮೊದಲು ಕಾಲಿಂದಽ ಸುರು ಆಗತೈತಿ" ಎಂದರು.

ಆ ಕ್ಯಾಸೆಟ್ಟು ಬಂದದ್ದು ಹಂಪಿಯಿಂದ. ಒಂದು ಭಾನುವಾರ ಸ್ಟಾಫಿನ ಕುಟುಂಬಗಳನ್ನು ಪಿಕ್‌ನಿಕ್ಕಿಗೆ ಕರೆದೊಯ್ದಿದ್ದಾಗ, ಸೈಕಲ್ ಪಂಕ್ಚರಾಗಿ ಬಿಸಿಲಲ್ಲಿ ನಿಂತಿದ್ದ ವಿದೇಶಿ ದಂಪತಿಗಳನ್ನು ಹುಲುಗಪ್ಪಣ್ಣ ಸೈಕಲ್ ಸಮೇತ ಹೊಸಪೇಟೆಗೆ ಮುಟ್ಟಿಸಿದ್ದನಂತೆ. ಅವರು ಕೊಟ್ಟು ಹೋದ ಕ್ಯಾಸೆಟ್ಟಿನ ಮೇಲೆ ನಾಲ್ವರ ಫೋಟೋದ ಜೊತೆ ಬ್ಯಾಂಡಿನ ಹೆಸರಿತ್ತು: ದಿ ಹಾರ್ಬರ್ ಲ್ಯಾಂಟರ್ನ್ಸ್. ಅದರ ಕೆಳಗೆ, ಇವು ಅವರ ಹಾಡುಗಳಲ್ಲೇ ಆರಿಸಿದ ಹತ್ತು ಎಂಬ ಸಾಲು. ಬಸ್ಸಿನ ಮಂದಿ ಅಷ್ಟುದ್ದದ ಹೆಸರನ್ನು ಹೇಳಲಾರದೆ ಅವರನ್ನು 'ಲಾಟೀನಿನವರು' ಎಂದು ಕರೆದುಬಿಟ್ಟರು.

ಏರುವಾಗ ಐದು ಹಾಡು, ಇಳಿಯುವಾಗ ಐದು. ಗಡಿಯಾರದ ಹಂಗೇ ಇರಲಿಲ್ಲ. ಮಾರ್ಕೆಟ್ ಸ್ಟಾಪಿಗೆ ಎರಡನೇ ಹಾಡು, ಗುಡ್ಡದ ಬುಡಕ್ಕೆ ಮೂರನೆಯದು, ಗೇಟಿಗೆ ಐದನೆಯದು. ಯಾರಾದರೂ ತಡವಾಗಿ ಓಡಿ ಬಂದು ಹತ್ತಿದರೆ, "ಎಷ್ಟನೇ ಹಾಡ್ರೀ?" ಎಂದೇ ಕೇಳುತ್ತಿದ್ದರು. ಅದಿರಿನ ಲಾರಿ ಅಡ್ಡ ಬಂದು ನಾಲ್ಕನೇ ಹಾಡಿನ ಡ್ರಮ್ಮು ದೊಡ್ಡ ತಿರುವಿಗೆ ಮೊದಲೇ ಬಡಿದುಬಿಟ್ಟರೆ ಬಸ್ಸಿಗೆ ಬಸ್ಸೇ ಲಾರಿಯವನನ್ನು ಬಯ್ಯುತ್ತಿತ್ತು.

ಇವರು ಜಗತ್ತಿಗೇ ದೊಡ್ಡ ಬ್ಯಾಂಡಿನವರು ಎಂಬುದರಲ್ಲಿ ನಮಗ್ಯಾರಿಗೂ ಅನುಮಾನವಿರಲಿಲ್ಲ. ನಾವು ಕೇಳಿದ್ದ ಇಂಗ್ಲಿಷ್ ಬ್ಯಾಂಡ್ ಅದೊಂದೇ ಆಗಿತ್ತಲ್ಲ! ಒಮ್ಮೆ ಕಲ್ಕತ್ತೆಯಿಂದ ಬಂದ ಎಂಜಿನಿಯರೊಬ್ಬರು ಬಸ್ಸು ಹತ್ತಿ, ಕಿವಿಗೊಟ್ಟು ಕೇಳಿ, ಇವರ ಹೆಸರನ್ನೇ ಕೇಳಿಲ್ಲ ಎಂದರು. ನಲವತ್ತು ಮಂದಿ ಅವರನ್ನು ಕನಿಕರದಿಂದ ನೋಡಿದೆವು. ಪಾಪ, ಅಷ್ಟು ಓದಿದ ಮನುಷ್ಯ! ಹುಲುಗಪ್ಪಣ್ಣ, "ಬರ್ರಿ ಸಾಹೇಬ್ರ, ಮುಂದ ಕುಂದ್ರಿ, ಇಲ್ಲಿ ಮಸ್ತ್ ಕೇಳಸತೈತಿ" ಎಂದು ತನ್ನ ಹಿಂದಿನ ಸೀಟು ಬಿಡಿಸಿಕೊಟ್ಟ. ತಿಂಗಳೊಪ್ಪತ್ತಿನಲ್ಲಿ ಆ ಸಾಹೇಬರೂ ಬ್ಯಾಗು ಎದೆಗವಚಿಕೊಂಡು ಎರಡನೇ ಹಾಡಿಗೆ ಓಡಿಬರತೊಡಗಿದರು.

ಹುಲುಗಪ್ಪಣ್ಣನಿಗಿದ್ದದ್ದು ಒಂದೇ ಆಸೆ. ಒಂದು ಸಂಜೆ ನನ್ನನ್ನು ನಿಲ್ಲಿಸಿ ಹೇಳಿದ: "ಯವ್ವಾ, ಇವು ಆರಿಸಿದ್ದು ಅಂತಾರ. ಹಂಗಾರ ಆರಿಸದಽ ಬಿಟ್ಟಿದ್ದು ಎಷ್ಟಿರಬ್ಯಾಡ! ಅವನ್ನೊಮ್ಮೆ ಕೇಳಬೇಕು ನೋಡು. ಮನ್ಯಾಗ ಏನೂ ಕಮ್ಮಿ ಇಲ್ಲ, ಇದೊಂದು ಉಳದೈತಿ."

ಆ ವರ್ಷ ನನ್ನನ್ನು ಟ್ರೇನಿಂಗಿಗೆ ಮದ್ರಾಸಿಗೆ ಕಳಿಸಿದರು. ಹುಡುಕಿಯೇ ಬರುವುದೆಂದು ಪಣ ತೊಟ್ಟೆ. ಒಂಬತ್ತು ಕ್ಯಾಸೆಟ್ ಅಂಗಡಿ ಹತ್ತಿ ಇಳಿದೆ. ಹತ್ತನೆಯದರಲ್ಲಿ ನಾಚಿಕೆ ಬಿಟ್ಟು, ಕೌಂಟರಿನ ಮೇಲೆ ತಾಳ ಹಾಕುತ್ತಾ ನಾಲ್ಕನೇ ಹಾಡನ್ನು ಹಾಡಿಯೇ ತೋರಿಸಿದೆ. ಗಿರಾಕಿಗಳು ಸುತ್ತುಗಟ್ಟಿದರು. ಮಾಲೀಕರು ದಪ್ಪನೆಯ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ, "ಇಂಥ ಬ್ಯಾಂಡೇ ಇಲ್ಲಮ್ಮ" ಎಂದುಬಿಟ್ಟರು.

ವಾಪಸು ಬಂದು ಬಸ್ಸು ಹತ್ತಿದಾಗ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದೆ. ಹುಲುಗಪ್ಪಣ್ಣ ಕಿರುಬೆರಳನ್ನೂ ಸ್ಟೀರಿಂಗಿಗೆ ಸೇರಿಸಿ ಎರಡು ಹಾಡು ಮುಗಿಯುವವರೆಗೆ ಬಸ್ಸು ಓಡಿಸಿದ. ಆಮೇಲೆ, "ಹಂಗಾರ ಅವರಿಗೆ ನಾವಽ ಗತಿ ಅಂದಂಗಾತು" ಎಂದು ಸೌಂಡು ಇನ್ನಷ್ಟು ಏರಿಸಿದ. ಅಂದು ಗೇಟಿನ ಕಾವಲುಗಾರನೂ ಕುಣಿದ.

ಅವನು ರಿಟೈರಾಗಿ ಮೆಟ್ರಿಗೆ ಹೋದ ಕೆಲವು ವರ್ಷಗಳ ಮೇಲೆ, ಹಂಪಿ ಬಜಾರಿನಲ್ಲಿ ಹಳೆಯ ಪುಸ್ತಕ ಮಾರುವವನ ಬಳಿ ಒಂದು ಕ್ಯಾಸೆಟ್ಟು ಕಂಡಿತು. ಹೊದಿಕೆಯ ಮೇಲೆ ಲಾಟೀನಿನವರ ಹೆಸರು, ಅದೇ ನಾಲ್ವರು, ಇನ್ನೂ ಎಳೆ ಮುಖ; ಹಾಡುಗಳಲ್ಲಿ ನಮ್ಮ ಹತ್ತರ ಪೈಕಿ ಒಂದೂ ಇರಲಿಲ್ಲ. ನಾನು ಕಿರುಚಿದ್ದಕ್ಕೆ ಪಕ್ಕದ ಎಳನೀರಿನವನು ಮಚ್ಚು ಕೆಳಗಿಟ್ಟ. ನೆಟ್ಟಗೆ ಕಂಪ್ಲಿ ಕಡೆಯ ಬಸ್ಸು ಹತ್ತಿದೆ.

ಹುಲುಗಪ್ಪಣ್ಣ ಗದ್ದೆಯಿಂದ ಬಂದವನು ಕೈಕಾಲು ತೊಳೆದು, ಮೀಸೆ ತಿದ್ದಿ, ಟೇಪ್‌ರೆಕಾರ್ಡರಿನ ಮುಂದೆ ಕೂತ. ಮೊದಲ ಹಾಡು ಸಪ್ಪೆ. ಎರಡನೆಯದು ಅದಕ್ಕಿಂತ ಸಪ್ಪೆ. ಐದನೆಯದಕ್ಕೆ ನನಗೇ ಆಕಳಿಕೆ ಬಂತು. ಇಷ್ಟು ವರ್ಷ ಕಾದವನಿಗೆ ಇದನ್ನು ತಂದುಕೊಟ್ಟೆನಲ್ಲ ಎಂದು ಪೇಚಾಡಿದೆ. ಅವನೇ ನನಗೆ ಸಮಾಧಾನ ಹೇಳಿದ: "ಅವರೂ ನಮ್ಮಂಗ ಡ್ಯೂಟಿ ಮಂದಿ, ಯವ್ವಾ. ದಿನಾ ಗಾಡಿ ಒಂದಽ ನಮೂನಿ ಓಡ್ತೈತೇನು?"

ಒಂಬತ್ತನೇ ಹಾಡಿಗೆ ಅವನು ತಟ್ಟನೆ ಎದ್ದು ನಿಂತ. "ತಡಿ, ತಡಿ, ತಡಿ!" ಹಿಂದಕ್ಕೆ ಸುತ್ತಿ ಮತ್ತೆ ಹಾಕಿದ. ಮತ್ತೊಮ್ಮೆ ಹಾಕಿದ. ಅವನ ಹೆಂಡತಿ ಗಂಗಮ್ಮ ರೊಟ್ಟಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಹುಲುಗಪ್ಪಣ್ಣನ ಕಣ್ಣಲ್ಲಿ ನೀರು, ಬಾಯಲ್ಲಿ ಬೈಗುಳ: "ಇದನ್ನ ಬಿಟ್ಟಾನಲ್ಲ! ಆರಿಸಿದಾಂವ ಯಾವನವ? ಕಿವಿ ಇತ್ತಿಲ್ಲೋ ಅವಗ?" ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾನು ಅವನನ್ನು ಕೊನೆಯ ಸಲ ನೋಡಿದ್ದು ಅಂದೇ.

ಅವನು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಹತ್ತು ದಿನ ತಡವಾಗಿ. ಮೆಟ್ರಿಗೆ ಹೋದೆ. ಗಂಗಮ್ಮ ನಾನು ತಂದುಕೊಟ್ಟಿದ್ದ ಆ ಕ್ಯಾಸೆಟ್ಟು ಹಾಕಿದರು. ಎಂಟು ಹಾಡುಗಳು ಹೊಚ್ಚ ಹೊಸದರಂತೆ ಮೊಳಗಿದವು. ಒಂಬತ್ತನೆಯದಕ್ಕೆ ಬಂದರೆ ಟೇಪು ಸವೆದು ಬರೀ ಗೊರಗೊರ, ದನಿಯೇ ಇಲ್ಲ.

"ಕೂತಲ್ಲಿ ನಿಂತಲ್ಲಿ ಅದನ್ನಽ ಹಾಕೋರ್ರಿ" ಎಂದ ಗಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ನಂತರ ಆ ಗೊರಗೊರದ ಮೇಲೆ, ಓದು ಬರಹ ಬಾರದ ಆಕೆ ಆ ಇಂಗ್ಲಿಷ್ ಹಾಡನ್ನು ಮೊದಲಿನಿಂದ ಕೊನೆಯವರೆಗೆ, ಒಂದು ಪದವನ್ನೂ ಬಿಡದೆ, ನನಗಾಗಿ ಹಾಡಿದರು.